ನಮ್ಮೂರಿನ ಕಿವುಡು ಮೂಲೆಗಳು

ದಾವಣಗೆರೆಯಲ್ಲಿ ಒಂದು ಸಂಜೆ ಹೋಂಗಾರ್ಡ್‌ಗಳು, ಆಸ್ಪತ್ರೆಗಳ ಸೆಕ್ಯುರಿಟಿ ಸಿಬ್ಬಂದಿ, ಆಂಬುಲೆನ್ಸ್ ಚಾಲಕರು ಮತ್ತು ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ, ಸ್ವಲ್ಪ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮಾಡೋಣ. ನನ್ನ ಕೈಯಲ್ಲಿ ಎರಡು ಪುಟ್ಟ ವಾಕಿಟಾಕಿ ಇವೆ. ಅರ್ಧ ವ್ಯಾಟಿನವು, 446 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ, ಇವಕ್ಕೆ ಲೈಸೆನ್ಸ್ ಬೇಡ. ಮುಂದಿನ ಸಾಲಿನಲ್ಲಿ ಕೂತಿರುವ ತಂಗಿ ಒಂದನ್ನು ತಗೊಂಡು ಹೊರಗೆ ಹೋಗಲಿ. ವರಾಂಡ ದಾಟಿ, ಮೆಟ್ಟಿಲಿಳಿದು, ಬೈಕ್ ನಿಲ್ಲಿಸುವ ನೆಲಮಾಳಿಗೆವರೆಗೆ ಹೋಗಮ್ಮ. ಹೆಜ್ಜೆಗೆ ಒಂದರಂತೆ ಎಣಿಸುತ್ತಾ ಹೋಗು. ಗುಂಡಿ ಒತ್ತಿ ಹಿಡಿದೇ ಇರು.

ಆಕೆ ಹೋದಳು. ಮೇಜಿನ ಮೇಲಿದ್ದ ಇನ್ನೊಂದು ಸೆಟ್‌ನಲ್ಲಿ "ಒಂದು, ಎರಡು, ಮೂರು" ಅಂತ ಕೇಳತೊಡಗಿತು. ಇಪ್ಪತ್ತರವರೆಗೆ ಪಕ್ಕದಲ್ಲೇ ಕೂತು ಹೇಳಿದಂತಿತ್ತು. ಇಪ್ಪತ್ತೆಂಟಕ್ಕೆ ದನಿಯ ಹಿಂದೆ ಸುಯ್ ಅನ್ನುವ ಸದ್ದು ಸೇರಿಕೊಂಡಿತು. ಮೂವತ್ತೊಂದು ಅರ್ಧ ಕೇಳಿಸಿತು. ಆಮೇಲೆ ಏನೂ ಇಲ್ಲ. ಎಲ್ಲರೂ ಸೆಟ್ ಕಡೆಗೇ ನೋಡುತ್ತಿದ್ದಿರಿ. ಥಟ್ಟನೆ "ಮೂವತ್ತೇಳು" ಅಂತ ಸ್ಪಷ್ಟವಾಗಿ ಬಂತು, ಮತ್ತೆ ಮೌನ.

ಆ ಹುಡುಗಿ ದೂರವೇನೂ ಹೋಗಿಲ್ಲ. ಇಲ್ಲಿಂದ ಐವತ್ತು ಅರವತ್ತು ಅಡಿ ಆಚೆ, ನಮ್ಮ ಕಾಲ ಕೆಳಗೇ ಇದ್ದಾಳೆ. ಈಗಲೂ ಎಣಿಸುತ್ತಿದ್ದಾಳೆ. ಅದು ನಮಗೆ ಕೇಳುತ್ತಿಲ್ಲ ಅಂತ ಆಕೆಗೆ ಗೊತ್ತೇ ಆಗುವುದಿಲ್ಲ. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಆ ಸೆಟ್ ಬರೀ ಬಾಯಿ, ಅದಕ್ಕೆ ಕಿವಿ ಇರುವುದಿಲ್ಲ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಆ ಮೂವತ್ತೊಂದನೇ ಹೆಜ್ಜೆ, ಅಂದರೆ ಮಾತು ಕಡಿದುಹೋಗುವ ಜಾಗ, ಎಲ್ಲಿದೆ ಅನ್ನುವುದು ಬೆಂಕಿ ಬೀಳುವ ಮೊದಲೇ ನಮಗೆ ಗೊತ್ತಿರಬೇಕು. ಗೊತ್ತು ಮಾಡಿಕೊಳ್ಳಬಹುದು. ಅದಕ್ಕೆ ದೊಡ್ಡ ದುಡ್ಡೂ ಬೇಡ.

ಈಗ ಅಲೆಯ ವಿಷಯ. ನಮ್ಮಲ್ಲಿ ದೊಡ್ಡವರಿಗೆಲ್ಲ ಆಕಾಶವಾಣಿ ಭದ್ರಾವತಿ ನೆನಪಿರುತ್ತದೆ. 675 ಕಿಲೋಹರ್ಟ್ಸ್. ಆ ಅಲೆಯ ಉದ್ದ ಸುಮಾರು 444 ಮೀಟರ್. ಒಂದೇ ಅಲೆ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಉದ್ದ! ಅಷ್ಟು ದೊಡ್ಡ ಅಲೆಗೆ ಒಂದು ಮನೆ, ಒಂದು ಗುಡ್ಡ ಲೆಕ್ಕಕ್ಕೇ ಇಲ್ಲ. ನೆಲಕ್ಕೆ ಅಂಟಿಕೊಂಡು, ಉಬ್ಬು ತಗ್ಗು ಬಳಸಿಕೊಂಡು ದಾವಣಗೆರೆಯ ಅಡುಗೆಮನೆಗೂ ಬಂದು ಮುಟ್ಟುತ್ತಿತ್ತು. ಚಿತ್ರದುರ್ಗದ ಎಫ್‌ಎಂ 102.6 ಮೆಗಾಹರ್ಟ್ಸ್. ಅದರ ಅಲೆ ಮೂರು ಮೀಟರ್‌ಗೂ ಸ್ವಲ್ಪ ಕಡಿಮೆ. ಪೊಲೀಸರ, ಅಗ್ನಿಶಾಮಕದವರ ವೈರ್‌ಲೆಸ್ ಸಾಮಾನ್ಯವಾಗಿ ಇನ್ನೂ ಮೇಲೆ ಇರುತ್ತದೆ. 150 ಮೆಗಾಹರ್ಟ್ಸ್ ಆದರೆ ಅಲೆ 2 ಮೀಟರ್. 400 ಆದರೆ 75 ಸೆಂಟಿಮೀಟರ್. ಲೆಕ್ಕ ಸುಲಭ: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ.

ಭದ್ರಾ ನಾಲೆಯಲ್ಲಿ ನೀರು ಬಿಟ್ಟಾಗ ನೋಡಿ. ದೊಡ್ಡ ಅಲೆ ನಡುವಿನ ಕಲ್ಲನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಸಣ್ಣ ಅಲೆ ಕಲ್ಲಿಗೆ ಬಡಿದು ವಾಪಸ್ ಬರುತ್ತದೆ, ಕಲ್ಲಿನ ಹಿಂದೆ ನೀರು ಸುಮ್ನೆ ನಿಂತಿರುತ್ತದೆ. ರೇಡಿಯೊಗೂ ಹಾಗೇ. ಹಾಗಾದರೆ ಉದ್ದ ಅಲೆಯೇ ಒಳ್ಳೆಯದಲ್ವಾ ಅಂತ ಕೇಳಬಹುದು. ಬಯಲಲ್ಲಿ ಹೌದು. ಕಟ್ಟಡದೊಳಗೆ ಮಾತು ಬೇರೆ. ಮೂರಡಿ ಕಿಟಕಿಯಲ್ಲಿ 2 ಮೀಟರ್ ಅಲೆ ಒಳಗೆ ನುಗ್ಗಲು ಕಷ್ಟಪಡುತ್ತದೆ, 75 ಸೆಂಟಿಮೀಟರಿನದು ಸಲೀಸಾಗಿ ನುಗ್ಗುತ್ತದೆ. ಊರಾಚೆ ದೂರಕ್ಕೆ ಹೋಗುವ ಅಲೆ ಬೇರೆ, ಮನೆಯೊಳಗೆ ಬರುವ ಅಲೆ ಬೇರೆ. ಎರಡನ್ನೂ ಒಂದೇ ಸೆಟ್‌ನಿಂದ ಬಯಸುವುದೇ ನಮ್ಮ ಮೊದಲ ತೊಂದರೆ.

ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಊರುಗಳನ್ನೇ ತಗೊಳ್ಳಿ. 1997ರವರೆಗೆ ಒಂದೇ ಜಿಲ್ಲೆ. ರೇಡಿಯೊ ಕಣ್ಣಿಗೆ ಮಾತ್ರ ಇವು ಪೂರ್ತಿ ಬೇರೆ ಬೇರೆ. ದಾವಣಗೆರೆ ಬಯಲು. 30 ಮೀಟರ್ ಎತ್ತರದ ಕಂಬದ ಮೇಲೆ ಆಂಟೆನಾ ಇಟ್ಟರೆ, ಅಡ್ಡ ಏನೂ ಇಲ್ಲದಿದ್ದಲ್ಲಿ ಅದರ ದಿಗಂತ ಸುಮಾರು 22 ಕಿಲೋಮೀಟರ್ ಆಚೆ. ದುರ್ಗ ಕಲ್ಲಿನ ಊರು. ಅಲ್ಲಿ ಎತ್ತರಕ್ಕೆ ಬರವಿಲ್ಲ, ಗುಡ್ಡದ ಮೇಲೆ ರಿಪೀಟರ್, ಅಂದರೆ ಬಂದ ಮಾತನ್ನು ಹಿಡಿದು ಜೋರಾಗಿ ಮತ್ತೆ ಕಳಿಸುವ ಯಂತ್ರ, ಇಟ್ಟರೆ ಹೆದ್ದಾರಿಯಲ್ಲಿ ಎಷ್ಟೋ ದೂರದವರೆಗೆ ಕೇಳುತ್ತದೆ. ಆದರೆ ದೀಪದ ಬುಡದಲ್ಲೇ ಕತ್ತಲು. ಆಂಟೆನಾ ತನ್ನ ಶಕ್ತಿಯನ್ನೆಲ್ಲ ದಿಗಂತದ ಕಡೆ ಚೆಲ್ಲುತ್ತದೆ, ಕಾಲ ಬುಡಕ್ಕೆ ಬೀಳುವುದು ಕಮ್ಮಿ. ಮೇಲಿಂದ ಆನೆಗಾತ್ರದ ಬಂಡೆಗಳು ಬೇರೆ ಅಡ್ಡ.

ಕೋಟೆಯಲ್ಲಿ ನನಗೇ ಇದು ಆಗಿದೆ. ನಾನು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವನು, ಜೊತೆಗೆ ಹ್ಯಾಮ್ ರೇಡಿಯೊ, ಅಂದರೆ ಸ್ವಂತ ವೈರ್‌ಲೆಸ್ ಸೆಟ್‌ನಲ್ಲಿ ಮಾತಾಡುವ ಹವ್ಯಾಸ. ಒಂದು ಚಾರಣಕ್ಕೆ ನಾವು ನಾಲ್ಕೈದು ಹ್ಯಾಮ್‌ಗಳು ಸೇರಿ ಸಂಪರ್ಕದ ಹೊಣೆ ಹೊತ್ತಿದ್ದೆವು. ಒಬ್ಬ ಹುಡುಗನ ಕಾಲು ಉಳುಕಿತು. ನಾನು ಎರಡು ಬಂಡೆಗಳ ನಡುವೆ ನಿಂತು ಕರೆದೇ ಕರೆದೆ, ನೂರು ಮಾರು ಆಚೆ ಬಾಗಿಲಲ್ಲಿದ್ದ ಗೆಳೆಯನಿಗೆ ಕೇಳಲೇ ಇಲ್ಲ. ಬಂಡೆ ಹತ್ತಿ ಅದೇ ಸೆಟ್‌ನಲ್ಲಿ ಕರೆದಾಗ ಊರಿನ ಆಚೆ ತುದಿಯಲ್ಲಿದ್ದವರು ಉತ್ತರ ಕೊಟ್ಟರು. ಆವತ್ತು ಆ ಬಂಡೆ ಮೇಲೆ ನಿಂತು ನೋಡಿದರೆ ಎದುರಿಗೆ ಒಂದು ಬತೇರಿ ಕಾಣುತ್ತಿತ್ತು. ಪಾಳೆಯಗಾರರ ಕಾಲದವರಿಗೆ ಇದೆಲ್ಲ ಗೊತ್ತಿತ್ತು. ಯಾವ ತುದಿಯಿಂದ ಯಾವ ತುದಿ ಕಾಣುತ್ತದೆ, ಎಲ್ಲಿ ಊದಿದ ಕಹಳೆ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಿಯೇ ಬತೇರಿಗೆ ಜಾಗ ಹುಡುಕಿದ್ದಾರೆ. ಓಬವ್ವನ ಕಥೆಯಲ್ಲಿ ಆಕೆಯ ಗಂಡ ಕಹಳೆ ಊದುವ ಕಾವಲುಗಾರ. ಆತ ಊಟಕ್ಕೆ ಕೂತಿದ್ದ ಆ ಗಳಿಗೆಯಲ್ಲೇ ಕೋಟೆಯ ಆ ಮೂಲೆ ಮೂಕವಾಗಿತ್ತು. ಶತ್ರು ನುಗ್ಗಿದ್ದೂ ಅಲ್ಲಿಂದಲೇ.

ಊರೊಳಗೆ ಬರೋಣ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಸಿಗ್ನಲ್ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಕಟ್ಟಡ ತುಂಬಿದ ಊರಿನಲ್ಲಿ ಹತ್ತರಲ್ಲಿ ಒಂದು, ಕೆಲವೊಮ್ಮೆ ಹದಿನಾರರಲ್ಲಿ ಒಂದು. ಇದನ್ನು ಮೊದಲು ಊರೂರು ಸುತ್ತಿ ಅಳೆದು ಇಟ್ಟವರಲ್ಲಿ ದೊಡ್ಡ ಹೆಸರು ಜಪಾನಿನ ಒಕುಮುರ ಅವರದು. ಟೋಕಿಯೊ ಸುತ್ತಮುತ್ತ ವಾಹನದಲ್ಲಿ ರಿಸೀವರ್ ಇಟ್ಟುಕೊಂಡು ಅಳೆದರು, 1968ರಲ್ಲಿ ಪ್ರಕಟಿಸಿದರು. 1980ರಲ್ಲಿ ಹಾಟಾ ಎಂಬವರು ಆ ನಕ್ಷೆಗಳನ್ನು ಸೂತ್ರಕ್ಕೆ ಇಳಿಸಿದರು. ಮೊಬೈಲ್ ಟವರ್ ಹಾಕುವವರು ಇವತ್ತಿಗೂ ಆ ಸೂತ್ರ ಬಳಸುತ್ತಾರೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಏನೆಂದರೆ, ಸೂತ್ರ ಆಮೇಲೆ ಬಂತು. ಮೊದಲು ಬೀದಿ ಸುತ್ತಿದ್ದು.

ಮಂಡಿಪೇಟೆಯ ಒಂದು ಓಣಿಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಕಂಟ್ರೋಲ್ ರೂಮಿನ ಆಂಟೆನಾ ನಿಮಗೆ ಕಾಣುವುದಿಲ್ಲ. ಆದರೂ ಮಾತು ಬರುತ್ತದೆ. ಹೇಗೆ? ಎದುರು ಗೋಡೆಗೆ ಬಡಿದು ಒಂದು ಅಲೆ ಬರುತ್ತದೆ. ಮಾಳಿಗೆಯ ಅಂಚಿನಲ್ಲಿ ಬಾಗಿ ಇಳಿದು ಇನ್ನೊಂದು ಬರುತ್ತದೆ. ನಿಂತಿರುವ ಲಾರಿಗೆ ತಾಗಿ ಮತ್ತೊಂದು. ಒಂದೇ ಮಾತು ಹತ್ತು ದಾರಿ ಹಿಡಿದು, ಒಂದಿಷ್ಟು ಹಿಂದೆ ಮುಂದೆ ಬಂದು ನಿಮ್ಮ ಆಂಟೆನಾ ಮುಟ್ಟುತ್ತದೆ. ಕೆಲವು ಜಾಗದಲ್ಲಿ ಅವು ಒಂದಕ್ಕೊಂದು ಕೈಜೋಡಿಸುತ್ತವೆ. ಕೆಲವು ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಅಳಿಸಿದ ಜಾಗದಲ್ಲಿ ನೀವಿದ್ದರೆ ಸಿಗ್ನಲ್ ಸಾವಿರದಲ್ಲಿ ಒಂದು ಪಾಲಿಗೂ ಇಳಿಯಬಹುದು.

ಈ ಹಳ್ಳ ದಿಣ್ಣೆಗಳ ಅಂತರ ಎಷ್ಟು ಗೊತ್ತಾ? ಸುಮಾರಾಗಿ ಅರ್ಧ ಅಲೆ. ನಮ್ಮ ಈ ಪುಟ್ಟ ಸೆಟ್‌ನ ಅಲೆ 67 ಸೆಂಟಿಮೀಟರ್, ಅದರಲ್ಲಿ ಅರ್ಧ ಅಂದರೆ ಒಂದೂವರೆ ಗೇಣು. ಆ ಹುಡುಗಿಯ "ಮೂವತ್ತೇಳು" ಮೌನದ ನಡುವೆ ಬಂದದ್ದು ಹಾಗೆ. ಆ ಹೆಜ್ಜೆಯಲ್ಲಿ ಆಕೆ ದಿಣ್ಣೆ ಮೇಲಿದ್ದಳು. ಹಾಗಾಗಿ ಇದನ್ನು ದಯವಿಟ್ಟು ನೆನಪಿಡಿ: ಮಾತು ಹೋಗುತ್ತಿಲ್ಲ ಅಂದರೆ ಕಿರುಚಬೇಡಿ. ಕಿರುಚಿದರೆ ದನಿ ಒಡೆಯುತ್ತದೆಯೇ ಹೊರತು ಅಲೆ ಜಾಸ್ತಿ ಆಗುವುದಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಸೆಟ್ ಅನ್ನು ಸೊಂಟದಿಂದ ತೆಗೆದು ಮುಖದ ಹತ್ತಿರ ತನ್ನಿ, ಆಂಟೆನಾ ನೆಟ್ಟಗಿರಲಿ. ನಮ್ಮ ಮೈಯಲ್ಲಿ ನೀರೇ ಜಾಸ್ತಿ, ಅದು ಅಲೆಯನ್ನು ಕುಡಿದುಬಿಡುತ್ತದೆ. ಸೊಂಟದಲ್ಲಿ ಸಿಕ್ಕಿಸಿಕೊಂಡ ಸೆಟ್‌ಗೆ ನೀವೇ ಒಂದು ಗೋಡೆ. ದುಗ್ಗಮ್ಮನ ಜಾತ್ರೆಯ ಜನಸಂದಣಿಯಲ್ಲಿ ಡ್ಯೂಟಿ ಮಾಡಿದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಸುತ್ತ ಸಾವಿರ ಜನ ನಿಂತರೆ ಸಾವಿರ ನೀರಿನ ಕೊಡ ಇಟ್ಟ ಹಾಗೆ. ಸೆಟ್ ತಲೆಯಿಂದ ಮೇಲೆ ಹೋದರೆ ಮಾತ್ರ ಉಸಿರಾಡುತ್ತದೆ.

ಗೋಡೆಗಳ ವಿಷಯ. 1895ರಲ್ಲಿ ಜಗದೀಶಚಂದ್ರ ಬೋಸ್ ಅವರು ಕಲ್ಕತ್ತದ ಟೌನ್‌ಹಾಲ್‌ನಲ್ಲಿ ಗೋಡೆಯಾಚೆ ಅಲೆ ಕಳಿಸಿ ಗಂಟೆ ಬಾರಿಸಿ ತೋರಿಸಿದ್ದರು. ಗೋಡೆ ಅಂದರೆ ಅಲೆಗೆ ಪೂರ್ತಿ ತಡೆ ಅಲ್ಲ. ಯಾವ ಗೋಡೆ ಅನ್ನುವುದು ಮುಖ್ಯ. ನಮ್ಮ ಹಳೇ ಪೇಟೆಯ ಹೆಂಚಿನ ಮನೆ, ಮರದ ತೊಲೆ, ಇಟ್ಟಿಗೆ ಗೋಡೆ ಅಲೆಯನ್ನು ಸುಮಾರಾಗಿ ಒಳಗೆ ಬಿಡುತ್ತವೆ. ಆರ್‌ಸಿಸಿ ಬೇರೆ. ಅದರೊಳಗೆ ಕಬ್ಬಿಣದ ಜಾಲರಿ ಇದೆ. ಈಗ ಮುಖ್ಯ ರಸ್ತೆಗಳಲ್ಲಿ ಎದ್ದಿರುವ ಕಾಂಪ್ಲೆಕ್ಸ್‌ಗಳಿಗೆ ಹೊಳೆಯುವ ಗ್ಲಾಸು, ಎಸಿಪಿ ಶೀಟು ಹಾಕುತ್ತಾರೆ. ಆ ಶೀಟಿನ ಎರಡು ಮೈಯೂ ಅಲ್ಯೂಮಿನಿಯಂ. ಬಿಸಿಲು ತಡೆಯುವ ಗ್ಲಾಸಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಇರುತ್ತದೆ. ಅದರ ಮೂಲಕ ಊರೆಲ್ಲ ಕಾಣುತ್ತದೆ, ಆದರೆ ರೇಡಿಯೊ ಅಲೆಯಲ್ಲಿ ನೂರರಲ್ಲೊಂದು ಪಾಲು ಕೂಡ ಒಳಗೆ ಬಾರದಿರಬಹುದು. ಮೆಕ್ಕೆಜೋಳ ತುಂಬಿದ ತಗಡಿನ ಗೋಡೌನ್ ಅಂತೂ ಮುಚ್ಚಿದ ಡಬ್ಬಿ. ಲಿಫ್ಟ್ ಅದಕ್ಕಿಂತ ಗಟ್ಟಿ ಡಬ್ಬಿ.

"ಸರ್, ಹಂಗಾದ್ರೆ ಜಾಸ್ತಿ ಪವರ್ ಇರೋ ಸೆಟ್ ಕೊಟ್ರಾಯ್ತಲ್ಲ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಊರೊಳಗೆ ಪವರ್ ಎರಡು ಪಟ್ಟು ಮಾಡಿದರೆ ದೂರ ಹೆಚ್ಚುವುದು ಬರೀ ಐದರಲ್ಲಿ ಒಂದು ಪಾಲಿನಷ್ಟು. ಒಂದು ಕಿಲೋಮೀಟರ್ ಹೋಗುತ್ತಿದ್ದದ್ದು ಸಾವಿರದ ಇನ್ನೂರು ಮೀಟರ್ ಹೋಗುತ್ತದೆ, ಅಷ್ಟೇ. ಬ್ಯಾಟರಿ ಮಾತ್ರ ಬೇಗ ಖಾಲಿ. ಅದರ ಬದಲು ಆಂಟೆನಾದ ಎತ್ತರ ಎರಡು ಪಟ್ಟು ಮಾಡಿದರೆ ಸಿಗ್ನಲ್ ಸುಮಾರು ನಾಲ್ಕು ಪಟ್ಟಾಗುತ್ತದೆ. ಒಳ್ಳೆ ರಿಸೀವರ್‌ಗೆ ಎಷ್ಟು ಸಾಕು ಗೊತ್ತೇ? ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಪಾಲು ಮಾಡಿ, ಅದರಲ್ಲೊಂದರ ಹತ್ತನೇ ಭಾಗ. ಅಷ್ಟು ಸಿಕ್ಕರೆ ಮಾತು ಅರ್ಥವಾಗುತ್ತದೆ. ಅಷ್ಟೂ ಸಿಗದ ಜಾಗಗಳು ನಮ್ಮ ಊರಲ್ಲಿವೆ ಅನ್ನುವುದೇ ನನ್ನ ಸಂಕಟ.

ಇನ್ನೊಂದು ವಿಷಯ ಪವರಿನಿಂದಲೇ ಹುಟ್ಟುತ್ತದೆ, ಇದು ಅಪಾಯದ್ದು. ರಿಪೀಟರ್ 25 ವ್ಯಾಟ್, 50 ವ್ಯಾಟ್‌ನಲ್ಲಿ ಮಾತಾಡುತ್ತದೆ. ಕೈಯಲ್ಲಿರುವ ಸೆಟ್ ಹೆಚ್ಚೆಂದರೆ 5 ವ್ಯಾಟ್. ಅಂದರೆ ಅದು ಕೂಗುತ್ತದೆ, ನೀವು ಪಿಸುಗುಡುತ್ತೀರಿ. ಕೆಳಗಿಳಿದವರಿಗೆ ಮೇಲಿನ ಮಾತು ಕೇಳುತ್ತಲೇ ಇರುತ್ತದೆ. "ನಮ್ ಸೆಟ್ ಚೆನ್ನಾಗಿದೆ" ಅಂದುಕೊಂಡಿರುತ್ತಾರೆ. ಅವರು ಹೇಳಿದ್ದು ಮೇಲೆ ಮುಟ್ಟಿರುವುದೇ ಇಲ್ಲ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಕಾರಿನಲ್ಲಿ ರೇಡಿಯೊ ಇಟ್ಟಾಗ ಹೀಗೇ ಇತ್ತು. ಕಾರಿಗೆ ಕೇಳುತ್ತಿತ್ತು, ಕಾರಿನಿಂದ ಉತ್ತರ ಕೊಡಲು ಆಗುತ್ತಿರಲಿಲ್ಲ. ಫೋನ್ ಹುಡುಕಿಕೊಂಡು ಹೋಗಬೇಕಿತ್ತು. 1933ರಲ್ಲಿ ನ್ಯೂಜೆರ್ಸಿಯ ಬೇಯೋನ್ ಎಂಬ ಊರಿನಲ್ಲಿ ಕಾರಿನಿಂದಲೂ ಮಾತಾಡುವುದು ಬಂತು. ನೆಲಮಾಳಿಗೆಗೆ ಇಳಿದವರ ಪಾಲಿಗೆ ಇವತ್ತೂ ಎಷ್ಟೋ ಸಲ 1928ನೇ ಇಸವಿಯೇ.

ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ಆಸ್ಪತ್ರೆಯಲ್ಲಿ ಮಾಕ್ ಡ್ರಿಲ್ ಇತ್ತು. ಯಾವುದು ಅನ್ನುವುದು ಬೇಡ. ನೆಲಮಾಳಿಗೆಯಲ್ಲಿ ಹೊಗೆ ಎದ್ದಿದೆ ಅಂತ ಕಲ್ಪನೆ. ಇಬ್ಬರು ಕೆಳಗೆ ಹೋದರು. ಅಲ್ಲಿ ಎಕ್ಸ್‌ರೇ ಕೋಣೆ, ಗೋಡೆಗೆ ಸೀಸದ ಹಾಳೆ. ಅವರು ಆ ಕೋಣೆ ದಾಟಿದ ಮೇಲೆ ಮೇಲೆ ನಿಂತ ನಮಗೆ ಒಂದಕ್ಷರ ಕೇಳಲಿಲ್ಲ. ಮೇಲ್ವಿಚಾರಕರು "ಕೆಳಗೆ ಎಲ್ಲಾ ಸರಿಯಿದೆಯಾ? ಹೇಳಿ, ಹೇಳಿ" ಅಂತ ಕೇಳುತ್ತಲೇ ಇದ್ದರು. ಕೆಳಗೆ ಅವರಿಗೆ ಪ್ರತಿ ಸಲವೂ ಕೇಳಿತ್ತು. ಪ್ರತಿ ಸಲವೂ ಉತ್ತರ ಕೊಟ್ಟಿದ್ದರು. ಹನ್ನೊಂದು ನಿಮಿಷ ಆದ ಮೇಲೆ ಒಬ್ಬರು ಮೆಟ್ಟಿಲು ಹತ್ತಿ ಓಡಿ ಬಂದು, ಏದುಸಿರು ಬಿಡುತ್ತಾ, "ಆಗ್ಲಿಂದ ಸ್ಟ್ರೆಚರ್ ಕೇಳ್ತಾ ಇದೀವಲ್ಲ ಅಣ್ಣ, ಯಾರೂ ಬರ್ಲಿಲ್ಲ" ಅಂದರು. ನಿಜವಾದ ಹೊಗೆಯಲ್ಲಿ ಹನ್ನೊಂದು ನಿಮಿಷ ಯಾರೂ ಉಳಿಯುವುದಿಲ್ಲ. ನಾವು ಬರೆದು ಕೊಟ್ಟೆವು: ಮೆಟ್ಟಿಲ ತಿರುವಿನಲ್ಲಿ ಒಂದು ಆಂಟೆನಾ, ಅಲ್ಲಿಂದ ಒಂದು ಕೇಬಲ್, ಸಾಕು. ಆರು ತಿಂಗಳ ಮೇಲೆ ಹೋದಾಗ ಏನೂ ಆಗಿರಲಿಲ್ಲ. ಆ ದಿನ ನಾನು ರಾತ್ರಿ ಸರಿಯಾಗಿ ಮಲಗಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸುರಂಗ ನಿಲ್ದಾಣದಲ್ಲಿ 1987ರಲ್ಲಿ ಬೆಂಕಿ ಬಿದ್ದು 31 ಜನ ಸತ್ತರು. ನೆಲದಡಿ ರೇಡಿಯೊ ಸರಿ ಮಾಡಿ ಅಂತ ತನಿಖೆಯ ವರದಿ ಹೇಳಿತು. 2005ರ ಜುಲೈ 7ರಂದು ಅದೇ ಸುರಂಗಗಳ ರೈಲುಗಳಲ್ಲಿ ಬಾಂಬ್ ಸಿಡಿದಾಗ, ಅಲ್ಲಿನ ಸಾರಿಗೆ ಪೊಲೀಸರ ಸೆಟ್ ಬಿಟ್ಟರೆ ಹೆಚ್ಚಿನವರ ಸೆಟ್ ಕೆಳಗೆ ಕೆಲಸಕ್ಕೆ ಬರಲಿಲ್ಲ. ಜನ ಓಡಿಹೋಗಿ ಸುದ್ದಿ ಮುಟ್ಟಿಸಿದರು. ನಡುವೆ ಹದಿನೆಂಟು ವರ್ಷ ಕಳೆದಿತ್ತು.

ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನದು ಇನ್ನೂ ಮನಸ್ಸು ಕಲಕುವ ಸಂಗತಿ. 1993ರಲ್ಲಿ ಅಲ್ಲಿ ಬಾಂಬ್ ಸಿಡಿದ ಮೇಲೆ ಆ ಎತ್ತರದ ಕಟ್ಟಡಗಳಿಗಾಗಿ ಒಂದು ರಿಪೀಟರ್ ಹಾಕಿದ್ದರು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಉತ್ತರ ಗೋಪುರದ ಕೆಳಗೆ ನಿಂತ ಅಧಿಕಾರಿಗಳು ಅದನ್ನು ಪರೀಕ್ಷಿಸಿದರು. ಒತ್ತಬೇಕಾದ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಿರಲಿಲ್ಲ. ಕೆಟ್ಟಿದೆ ಅಂದುಕೊಂಡು ಬೇರೆ ಚಾನೆಲ್‌ಗೆ ಹೋದರು. ದಕ್ಷಿಣ ಗೋಪುರಕ್ಕೆ ಹೋದವರು ಅದೇ ರಿಪೀಟರ್ ಹಿಡಿದು 78ನೇ ಮಹಡಿಯಿಂದಲೂ ಮಾತಾಡಿದರು. ಆ ದಿನ 343 ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಅಷ್ಟೂ ಜನರ ಸಾವಿಗೆ ಒಂದು ಗುಂಡಿ ಕಾರಣ ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಯಂತ್ರ ಇದ್ದರೂ ಅದನ್ನು ದಿನಾ ಮುಟ್ಟಿ ಅಭ್ಯಾಸವಿಲ್ಲದಿದ್ದರೆ ಗೋಡೆಯಷ್ಟೇ ಅಡ್ಡ ಬರುತ್ತದೆ ಅನ್ನುವುದನ್ನು ಅಲ್ಲಿ ಕಂಡೆವು.

ಡಿಜಿಟಲ್ ಸೆಟ್‌ಗಳ ಬಗ್ಗೆ ಒಂದು ಎಚ್ಚರಿಕೆ. ಹಳೇ ಅನಲಾಗ್ ಸೆಟ್ ಮಾತು ನಿಲ್ಲುವ ಮೊದಲು ಸುಯ್ ಅನ್ನುತ್ತದೆ, ಈಗ ಕೇಳಿದಿರಲ್ಲ. ಆ ಸದ್ದೇ "ವಾಪಸ್ ಬಾ" ಅನ್ನುವ ಸೂಚನೆ. ಡಿಜಿಟಲ್‌ನಲ್ಲಿ ದನಿ ಕೊನೆವರೆಗೂ ಚೊಕ್ಕವಾಗಿರುತ್ತದೆ, ಆಮೇಲೆ ಒಂದೇ ಸಲ ಕಡಿದುಹೋಗುತ್ತದೆ. ಬೇರೆ ಅನುಕೂಲಗಳು ಅದರಲ್ಲಿ ಬೇಕಾದಷ್ಟಿವೆ, ಬೇಡ ಅನ್ನುತ್ತಿಲ್ಲ. ಅದನ್ನು ಹಿಡಿದವರು ಕಿವಿಯ ಹಳೇ ಅಭ್ಯಾಸ ನಂಬಬಾರದು, ಅಷ್ಟೇ.

ಮಾಡಬೇಕಾದ್ದೇನು? ದೊಡ್ಡ ಕಟ್ಟಡಗಳಿಗೆ ಒಳಗೇ ಆಂಟೆನಾಗಳನ್ನು ಹಬ್ಬಿಸಬಹುದು. ಮೆಟ್ರೊ ಸುರಂಗಗಳಲ್ಲಿ ಉದ್ದಕ್ಕೂ ಸೀಳು ಬಿಟ್ಟ ಕೇಬಲ್ ಹಾಕುತ್ತಾರೆ, ತೂತು ಬಿದ್ದ ಹನಿ ನೀರಾವರಿ ಪೈಪಿನಿಂದ ನೀರು ಜಿನುಗಿದಂತೆ ಅದರಿಂದ ಅಲೆ ಜಿನುಗುತ್ತಾ ಹೋಗುತ್ತದೆ. ಅಡಿಕೆ ತೋಟಕ್ಕೆ ಡ್ರಿಪ್ ಹಾಕಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಊರುಗಳು ಮಾದರಿಯಾಗಿ ಇಟ್ಟುಕೊಳ್ಳುವ ಅಗ್ನಿ ನಿಯಮಾವಳಿ 2009ರಿಂದ ಕಟ್ಟಡದೊಳಗೆ ರಕ್ಷಣಾ ಸಿಬ್ಬಂದಿಯ ರೇಡಿಯೊ ಕೇಳಲೇಬೇಕು ಅನ್ನುತ್ತದೆ. ಇವೆಲ್ಲ ನಮ್ಮಲ್ಲೂ ಬರಲಿ. ಬರುವವರೆಗೆ ಕೈ ಕಟ್ಟಿ ಕೂರಬೇಕಾಗಿಲ್ಲ. ನೀವು ಕೆಲಸ ಮಾಡುವ ಕಟ್ಟಡದಲ್ಲಿ ಒಂದು ಭಾನುವಾರ, ಎರಡು ಸೆಟ್ ಹಿಡಿದು, ಹೆಜ್ಜೆ ಎಣಿಸುತ್ತಾ ಓಡಾಡಿ. ನೆಲಮಾಳಿಗೆ, ಲಿಫ್ಟ್ ಮುಂದೆ, ಜನರೇಟರ್ ಕೋಣೆ, ಹಿಂದಿನ ಮೆಟ್ಟಿಲು. ಎಲ್ಲಿ ಕಡಿಯುತ್ತದೋ ಅಲ್ಲಿ ಗೋಡೆಗೆ ಒಂದು ಗುರುತು ಹಾಕಿ. ಅಗ್ನಿಶಾಮಕದವರು ಬಂದಾಗ ಆ ಗುರುತಿನ ನಕ್ಷೆ ಅವರ ಕೈಗೆ ಕೊಡಿ. ಹೊಸ ಗ್ಲಾಸ್ ಹಾಕಿಸಿದರೆ, ಪಕ್ಕದಲ್ಲಿ ಹೊಸ ಕಟ್ಟಡ ಎದ್ದರೆ ಮತ್ತೆ ನಡೆದು ನೋಡಿ.

ರಿಪೀಟರ್ ಸಿಗದ ಕಡೆ, ಸೆಟ್‌ನಿಂದ ಸೆಟ್‌ಗೇ ಮಾತಾಡುವ ನೇರ ಚಾನೆಲ್‌ಗೆ ಬದಲಿಸುವುದನ್ನು ಕಣ್ಣು ಮುಚ್ಚಿಕೊಂಡೇ ಮಾಡುವಷ್ಟು ರೂಢಿ ಮಾಡಿಕೊಳ್ಳಿ. ಇನ್ನೊಂದು ಉಪಾಯ ಎಲ್ಲಕ್ಕಿಂತ ಹಳೆಯದು. ಅದನ್ನು ಈಗಲೇ ಮಾಡಿ ನೋಡೋಣ.

ಆ ತಂಗಿ ವಾಪಸ್ ಬಂದಿದ್ದಾಳೆ. ಎಷ್ಟರವರೆಗೆ ಎಣಿಸಿದೆ ಅಂದರೆ "ಅರವತ್ತೆರಡು ಸರ್, ಗೋಡೆ ಬಂತು" ಅಂದಳು. ನಮಗೆ ಮೂವತ್ತರಾಚೆ ಸಿಕ್ಕಿದ್ದು ಒಂದೇ ಒಂದು ಅಂಕಿ. ಮತ್ತೆ ಹೋಗು ಅಂದೆ. ಈ ಸಲ ಅದೇ ಚಾನೆಲ್‌ಗೆ ಇಟ್ಟ ಮೂರನೇ ಸೆಟ್ ಕೊಟ್ಟು ಒಬ್ಬ ಹೋಂಗಾರ್ಡ್ ಅಣ್ಣನನ್ನು ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿದೆವು. ಆಕೆ ಐದು ಹೆಜ್ಜೆಗೊಮ್ಮೆ ಹೇಳಿ ಗುಂಡಿ ಬಿಡಬೇಕು, ಆತ ಕೇಳಿದ್ದನ್ನು ನಮಗೆ ದಾಟಿಸಬೇಕು. ಮೂವತ್ತರವರೆಗೆ ಇಬ್ಬರ ದನಿಯೂ ಬಂತು. ಆಮೇಲೆ ಆತನದು ಮಾತ್ರ. "ಮೂವತ್ತೈದು ಅಂತಾಳೆ ಸರ್." "ನಲವತ್ತು." "ಐವತ್ತೈದು, ಜನರೇಟರ್ ಹತ್ರ ಇದಾಳೆ." ಕೊನೆಗೆ, "ಅರವತ್ತೆರಡು ಸರ್. ಗೋಡೆ ಮುಟ್ಟಿದಾಳೆ. ವಾಪಸ್ ಬರ್ಲಾ ಅಂತ ಕೇಳ್ತಿದಾಳೆ."

ಬಾ ಅಂತ ಹೇಳಣ್ಣ. ಬರುವಾಗ ಆ ಮೂವತ್ತೊಂದನೇ ಹೆಜ್ಜೆ ಹತ್ತಿರ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಬರಲಿ.